ವೆಬ್ ಪುಟದ ಅಡುಗೆಮನೆಗೆ ಇಣುಕಿದರೆ...

ಕಂಪ್ಯೂಟರಿನಲ್ಲಿ ಯಾವುದಾದರೂ ಜಾಲತಾಣ ತೆರೆದಿಟ್ಟುಕೊಂಡು, ಕೀಬೋರ್ಡಿನ ಎಡಮೂಲೆಯಲ್ಲಿರುವ ಕಂಟ್ರೋಲ್ ಕೀ ಒತ್ತಿ ಹಿಡಿದು, ಇಂಗ್ಲಿಷಿನ ‘ಯು’ ಅಕ್ಷರ ಒತ್ತಿ ನೋಡಿ. ಇನ್ನೊಂದು ಹಾಳೆ ತೆರೆದುಕೊಳ್ಳುತ್ತದೆ. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ. ಹಾಳೆ ತುಂಬ ಇರುವೆ ಸಾಲಿನಂತೆ ಅಕ್ಷರಗಳು, ನಡುನಡುವೆ ಗಣಿತದಲ್ಲಿ ‘ಚಿಕ್ಕದು’ ‘ದೊಡ್ಡದು’ ಎನ್ನಲು ಬಳಸುವ < ಮತ್ತು > ಚಿಹ್ನೆಗಳು. ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಆ ಹಾಳೆ ಮುಚ್ಚಿದರೆ ಮೊದಲಿನ ಪುಟ ಇದ್ದಲ್ಲೇ ಇರುತ್ತದೆ. (ಮೊಬೈಲಿನಲ್ಲಿ ಇದು ಅಷ್ಟು ಸುಲಭವಲ್ಲ. ಕಂಪ್ಯೂಟರೇ ಆಗಬೇಕು.)

ಇದಕ್ಕೆ ‘ವ್ಯೂ ಸೋರ್ಸ್’ ಎನ್ನುತ್ತಾರೆ. ಸೋರ್ಸ್ ಅಂದರೆ ಮೂಲ ಬರಹ. ಎಲ್ಲಿ ದಪ್ಪಕ್ಷರ ಬರಬೇಕು, ಎಲ್ಲಿ ಚಿತ್ರ ಕೂರಬೇಕು, ಯಾವುದನ್ನು ಒತ್ತಿದರೆ ಯಾವ ಪುಟಕ್ಕೆ ಹೋಗಬೇಕು ಎಂಬ ಸೂಚನೆಗಳೆಲ್ಲ ಅದರಲ್ಲಿರುತ್ತವೆ. ಈ ಸೂಚನೆಗಳ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವೆಬ್ ಕಟ್ಟಿದಾಗ ರೂಪಿಸಿದ ಭಾಷೆ ಇದು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್ಬಿನ ತಂತ್ರವನ್ನು ಯಾರಿಂದಲೂ ಒಂದು ಕಾಸು ಕೇಳದೆ ಲೋಕಕ್ಕೇ ಬಿಟ್ಟುಕೊಟ್ಟಿತು. ಆ ಕಾಲದಲ್ಲಿ ಎಷ್ಟೋ ಜನ ವೆಬ್ ಪುಟ ಬರೆಯುವುದನ್ನು ಪುಸ್ತಕ ಓದಿ ಕಲಿಯಲಿಲ್ಲ. ಕಣ್ಣಿಗೆ ಚೆಂದ ಕಂಡ ಪುಟದ ಸೋರ್ಸ್ ತೆರೆದು, ನೋಡಿ, ನಕಲು ಮಾಡಿ, ತಿದ್ದಿ ಕಲಿತರು. ನಮ್ಮ ಹೆಣ್ಣುಮಕ್ಕಳು ಪಕ್ಕದ ಮನೆಯ ಅಂಗಳದಲ್ಲಿ ಚುಕ್ಕಿ ಎಣಿಸಿ ರಂಗೋಲಿ ಕಲಿತಂತೆ.

ಎಂಟನೇ ತರಗತಿಯ ನನ್ನ ಮೊಮ್ಮಗನಿಗೆ ಇದನ್ನು ತೋರಿಸಿದೆ. ಅವನ ತಲೆ ಬೇರೆ ಕಡೆಗೇ ಓಡಿತು. “ತಾತ, ಹಾಗಾದ್ರೆ ರಿಸಲ್ಟ್ ಬರೋ ಪುಟದ ಸೋರ್ಸ್ ತೆಗೆದು ಮಾರ್ಕ್ಸ್ ತಿದ್ದಿಬಿಡಬಹುದಲ್ವಾ?”

“ತಿದ್ದು, ಬೇಡ ಅಂದವರ್ಯಾರು? ಆದ್ರೆ ಕಾಲೇಜಿನವರು ನಿನ್ನ ಕಂಪ್ಯೂಟರ್ ನೋಡಿ ಸೀಟು ಕೊಡ್ತಾರಾ?” ಎಂದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಿಂದೆ ಗ್ರಾಹಕರ ಕೈಯಲ್ಲಿ ಪಾಸ್‌ಬುಕ್ ಇರುತ್ತಿತ್ತು, ಕೌಂಟರಿನ ಈಚೆ ನಮ್ಮ ಬಳಿ ಲೆಡ್ಜರ್ ಇರುತ್ತಿತ್ತು. ಮನೆಯಲ್ಲಿ ಕೂತು ಪಾಸ್‌ಬುಕ್ಕಿನ ಐನೂರರ ಮುಂದೆ ಎರಡು ಸೊನ್ನೆ ಸೇರಿಸಿಕೊಂಡರೆ ಲೆಡ್ಜರಿನ ಐನೂರು ಐನೂರಾಗಿಯೇ ಇರುತ್ತದೆ. ಬ್ರೌಸರಿಗೆ ಬಂದ ಪುಟ ಪಾಸ್‌ಬುಕ್ ಇದ್ದ ಹಾಗೆ. ದೂರದಲ್ಲಿ ಎಲ್ಲೋ ಇರುವ ಸರ್ವರ್ ಎಂಬ ಕಂಪ್ಯೂಟರು ನಿಮಗಾಗಿ ಬರೆದು ಕಳಿಸಿದ ನಕಲು ಅದು. ಬ್ರೌಸರಿನೊಳಗೇ ಇರುವ ಒಂದು ಸೌಲಭ್ಯದಿಂದ ಆ ನಕಲಿನ ಮೇಲೆ ಏನು ಬೇಕಾದರೂ ಗೀಚಬಹುದು. ಪುಟವನ್ನು ಇನ್ನೊಮ್ಮೆ ತರಿಸಿದರೆ ಗೀಚಿದ್ದೆಲ್ಲ ಹೋಗಿ ಅಸಲು ಅಂಕವೇ ಬಂದು ಕೂರುತ್ತದೆ.

ಮಕ್ಕಳಿಗೆ ಇದು ತಮಾಷೆ. ಅಜ್ಜ-ಅಜ್ಜಿಯರು ಮಾತ್ರ ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಇದೇ ಗೀಚುವ ವಿದ್ಯೆಯಿಂದ ಮೋಸ ಮಾಡುವವರಿದ್ದಾರೆ. ‘ನಿಮಗೆ ಐದು ಸಾವಿರ ವಾಪಸು ಬರಬೇಕಿದೆ’ ಎಂದು ಫೋನ್ ಮಾಡುತ್ತಾರೆ. ಸಹಾಯ ಮಾಡುವ ನೆಪದಲ್ಲಿ, ನಿಮ್ಮ ಕಂಪ್ಯೂಟರನ್ನು ಅವರು ಕೂತಲ್ಲಿಂದಲೇ ಆಡಿಸಬಲ್ಲ ಒಂದು ತಂತ್ರಾಂಶವನ್ನು ನಿಮ್ಮ ಕೈಯಿಂದಲೇ ಹಾಕಿಸುತ್ತಾರೆ. ನೀವು ಬ್ಯಾಂಕಿನ ಪುಟ ತೆರೆದಾಗ ನಿಮ್ಮ ಕಣ್ಣು ತಪ್ಪಿಸಿ, ಬಾಕಿ ಮೊತ್ತದ ಅಂಕಿಯನ್ನು ಆ ನಕಲಿನ ಮೇಲೆ ತಿದ್ದುತ್ತಾರೆ. ಆಮೇಲೆ ಅಳುದನಿ ಶುರು: ‘ಅಯ್ಯೋ, ಐದರ ಬದಲು ಐವತ್ತು ಸಾವಿರ ಹೋಗಿಬಿಟ್ಟಿದೆ, ಉಳಿದದ್ದು ವಾಪಸು ಹಾಕಿ, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ!’ ಪರದೆಯ ಮೇಲೆ ಐವತ್ತು ಸಾವಿರ ಕಾಣುತ್ತಿರುತ್ತದೆ. ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ನೀವು ‘ವಾಪಸು’ ಹಾಕುವ ನಲವತ್ತೈದು ಸಾವಿರ ನಿಮ್ಮದೇ ಗಂಟು. ಇಂಥ ಕರೆ ಬಂದರೆ ಫೋನ್ ಇಟ್ಟುಬಿಡಿ. ಬಾಕಿ ಎಷ್ಟಿದೆ ಎಂದು ಬೇರೆ ಫೋನಿನಲ್ಲೋ, ಶಾಖೆಗೆ ಹೋಗಿಯೋ ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ನಕಲಿನ ಇನ್ನೊಂದು ಗುಣವನ್ನೂ ಹೇಳಬೇಕು. ಬ್ರೌಸರಿಗೆ ಕಳಿಸಿದ್ದು ಎಂದರೆ ಕೊಟ್ಟಾಯಿತು ಎಂದೇ ಅರ್ಥ. ಪರದೆಯ ಮೇಲೆ ಕಾಣದ ಹಾಗೆ ಮಾಡಿದರೂ ಅದು ಸೋರ್ಸ್‌ನಲ್ಲಿ ಇದ್ದೇ ಇರುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಿಕ್ಷಕರ ಅರ್ಹತೆಯನ್ನು ಹುಡುಕುವ ಪುಟವೊಂದಿತ್ತು. 2021ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ನಗರದ ದಿನಪತ್ರಿಕೆಯ ವರದಿಗಾರರೊಬ್ಬರು ಅದನ್ನು ನೋಡುತ್ತಿದ್ದಾಗ, ಶಿಕ್ಷಕರ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಗಳು ಪುಟದ ಸೋರ್ಸ್‌ನಲ್ಲಿ ಅಡಗಿ ಕೂತಿರುವುದು ಕಂಡಿತು. ನಮ್ಮಲ್ಲಿ ಆಧಾರ್ ಸಂಖ್ಯೆಯನ್ನು ಹೇಗೆ ಜೋಪಾನ ಮಾಡುತ್ತೇವೋ ಹಾಗೆ ಅಲ್ಲಿ ಆ ಸಂಖ್ಯೆ. ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿತು. ಪುಟವನ್ನು ತೆಗೆದುಹಾಕಿದ ಮೇಲೆಯೇ ಸುದ್ದಿ ಅಚ್ಚು ಹಾಕಿತು. ಶಹಬ್ಬಾಸ್ ಎನ್ನಬೇಕಾಗಿದ್ದ ಗವರ್ನರ್ ಮೈಕ್ ಪಾರ್ಸನ್ ಅವರು, ಇದು ಕಳ್ಳದಾರಿಯಿಂದ ಕಂಪ್ಯೂಟರಿಗೆ ನುಗ್ಗಿದ ಅಪರಾಧ, ಮೊಕದ್ದಮೆ ಹೂಡಿಸುತ್ತೇನೆ ಎಂದು ಗುಡುಗಿದರು. 2022ರ ಫೆಬ್ರವರಿಯಲ್ಲಿ ಸರ್ಕಾರಿ ವಕೀಲರು ಮೊಕದ್ದಮೆ ಹೂಡುವುದಿಲ್ಲ ಎಂದು ಹೇಳಿದ ಮೇಲೆ ಪ್ರಕರಣ ತಣ್ಣಗಾಯಿತು. ಕವರಿನೊಳಗೆ ಇಟ್ಟು ನೀವೇ ಅಂಚೆಗೆ ಹಾಕಿದ ಕಾಗದವನ್ನು ಓದಿದವನ ಮೇಲೆ ಕಳ್ಳತನದ ದೂರು ಕೊಟ್ಟರೆ ಹೇಗಿರುತ್ತದೆ ಹೇಳಿ!

ಇಷ್ಟು ಪಾಸ್‌ಬುಕ್ಕಿನ ಕಥೆಯಾಯಿತು. ಲೆಡ್ಜರ್ ಬರೆಯುವ ಕೈ ಯಾವುದು? ಅದನ್ನು ಬ್ರೌಸರಿನಲ್ಲಿ ನೋಡಲು ಆಗುತ್ತದೆಯೇ?

ಸಪ್ಲೈಯರ್ ಮತ್ತು ಭಟ್ಟರು

‘ಸರ್ವರ್’ ಎಂದರೆ ಬಡಿಸುವವನು. ನಮ್ಮ ಹೋಟೆಲುಗಳಲ್ಲಿ ಸಪ್ಲೈಯರ್ ಎನ್ನುತ್ತೇವಲ್ಲ, ಅವನೇ. ಎರಡು ಥರದ ತಿಂಡಿ ಅವನ ಕೈಯಲ್ಲಿ ಬರುತ್ತದೆ. ಗಾಜಿನ ಬೀರುವಿನಲ್ಲಿ ಮೊದಲೇ ಮಾಡಿಟ್ಟ ಮೈಸೂರುಪಾಕು ಒಂದು. ಕೇಳಿದ ಕೂಡಲೇ ಎತ್ತಿ ಕೊಟ್ಟರೆ ಆಯಿತು. ಇನ್ನೊಂದು ಮಸಾಲೆ ದೋಸೆ. ಅದಕ್ಕೆ ಒಳಗೆ ಹೋಗಿ ಭಟ್ಟರಿಗೆ ಹೇಳಬೇಕು, ಅವರು ಹುಯ್ದು ಕೊಡಬೇಕು. ವೆಬ್ಬಿನಲ್ಲೂ ಹಾಗೇ. ಮೊದಲ ದಿನಗಳ ಪುಟಗಳು ಹೆಚ್ಚಾಗಿ ಬೀರುವಿನ ಮೈಸೂರುಪಾಕು. ಬರೆದಿಟ್ಟದ್ದನ್ನು ಬರೆದಿಟ್ಟ ಹಾಗೇ ಕೊಡುವುದು. ರಿಸಲ್ಟ್, ರೈಲಿನ ಸಮಯ, ಬ್ಯಾಂಕ್ ಬಾಕಿ ಹಾಗಲ್ಲ. ಕೇಳಿದವರು ಯಾರು, ಕೇಳಿದ್ದು ಯಾವ ಹೊತ್ತು ಎಂಬುದನ್ನು ನೋಡಿ ಆಗಲೇ ಪುಟ ತಯಾರಿಸಬೇಕು. ಹಾಗೆ ತಯಾರಿಸಲು ಬರೆದ ಸೂಚನೆಗಳೇ ‘ಸರ್ವರ್ ಸ್ಕ್ರಿಪ್ಟ್’.

ಇಂಥ ಸ್ಕ್ರಿಪ್ಟ್ ಬರೆಯುವ ಭಾಷೆಗಳಲ್ಲಿ ಬಲು ಜನಪ್ರಿಯವಾದದ್ದು ಪಿಎಚ್‌ಪಿ. ಇದನ್ನು ಹುಟ್ಟುಹಾಕಿದ ರಾಸ್ಮಸ್ ಲರ್ಡಾರ್ಫ್ ಹುಟ್ಟಿದ್ದು 1968ರಲ್ಲಿ, ಮಂಜಿನ ನಾಡು ಗ್ರೀನ್‌ಲ್ಯಾಂಡಿನಲ್ಲಿ. ಓದಿದ್ದು ಕೆನಡಾದಲ್ಲಿ. ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ಬಯೋಡೇಟಾವನ್ನು 1994ರಲ್ಲಿ ಅವರು ವೆಬ್ಬಿನಲ್ಲಿ ಹಾಕಿದ್ದರು. ಅದನ್ನು ಯಾರು ಯಾರು ಬಂದು ನೋಡಿದರು ಎಂದು ತಿಳಿಯುವ ಆಸೆಯಿಂದ ಬರೆದುಕೊಂಡ ಪುಟ್ಟ ಪ್ರೋಗ್ರಾಮುಗಳೇ ಪಿಎಚ್‌ಪಿಯ ಬೀಜ. ‘ಪರ್ಸನಲ್ ಹೋಮ್ ಪೇಜ್’ ಉಪಕರಣಗಳು ಎಂದು ಹೆಸರಿಟ್ಟು 1995ರ ಜೂನ್ 8ರಂದು ಎಲ್ಲರಿಗೂ ಹಂಚಿದರು. ಫೇಸ್‌ಬುಕ್ ಶುರುವಾದದ್ದು ಇದೇ ಭಾಷೆಯಲ್ಲಿ. ನಮ್ಮ ಕನ್ನಡ ವಿಕಿಪೀಡಿಯ ನಡೆಯುತ್ತಿರುವ ಮೀಡಿಯಾವಿಕಿ ತಂತ್ರಾಂಶವೂ ಇದೇ ಭಾಷೆಯದು. ಬಯೋಡೇಟಾ ನೋಡಿದವರ ಲೆಕ್ಕ ಇಡಲು ಹೊರಟದ್ದು ಎಲ್ಲಿಗೆ ಬಂತು ನೋಡಿ!

ಪಿಎಚ್‌ಪಿಯ ವಿಶೇಷವೆಂದರೆ, ಪುಟದ ಬರಹ ಮತ್ತು ಭಟ್ಟರಿಗೆ ಹೇಳುವ ಸೂಚನೆ ಎರಡೂ ಒಂದೇ ಫೈಲಿನಲ್ಲಿರಬಹುದು. ‘ಇಲ್ಲಿಂದ ಸೂಚನೆ ಶುರು’ ಎನ್ನಲು < ಚಿಹ್ನೆ, ಅದಕ್ಕೆ ಅಂಟಿಕೊಂಡು ಒಂದು ಪ್ರಶ್ನಾರ್ಥಕ ಚಿಹ್ನೆ, ಬಳಿಕ ಪಿ ಎಚ್ ಪಿ ಅಕ್ಷರಗಳು. ‘ಇಲ್ಲಿಗೆ ಮುಗಿಯಿತು’ ಎನ್ನಲು ಪ್ರಶ್ನಾರ್ಥಕ ಚಿಹ್ನೆ ಮತ್ತು >. ನಡುವೆ ‘ಇವತ್ತಿನ ತಾರೀಖು ಬರೆ’ ಎಂದು ಸೂಚನೆ ಇದೆ ಅನ್ನಿ. ಸರ್ವರ್ ಅದನ್ನು ಪಾಲಿಸಿ, ಸೂಚನೆಯನ್ನು ಅಳಿಸಿ, ಆ ಜಾಗದಲ್ಲಿ ತಾರೀಖು ಬರೆದು ಪುಟ ಕಳಿಸುತ್ತದೆ. ನೀವು ಕಂಟ್ರೋಲ್-ಯು ಒತ್ತಿದರೆ ಸೋರ್ಸ್‌ನಲ್ಲೂ ತಾರೀಖು ಮಾತ್ರ. ದೋಸೆಯನ್ನು ಎಷ್ಟು ಮಗುಚಿ ನೋಡಿದರೂ ಅದರಲ್ಲಿ ಭಟ್ಟರ ಕೈಬರಹದ ಚೀಟಿ ಸಿಗುವುದಿಲ್ಲ. ರಿಸಲ್ಟ್ ಪುಟದ ಒಳಗುಟ್ಟು ನನ್ನ ಮೊಮ್ಮಗನಿಗೆ ಸಿಗದಿರುವುದೂ ಇದೇ ಕಾರಣಕ್ಕೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ನೋಟ್‌ಪ್ಯಾಡ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ಒನ್’ ಎಂದು ಬರೆಯಿರಿ. ಅದರ ಪಕ್ಕ ಈಗ ಹೇಳಿದ ಆರಂಭದ ಚಿಹ್ನೆ, ಒಂದು ಜಾಗ ಬಿಟ್ಟು ‘ಎಕೋ 2+3’ (ಎಕೋ ಅಂದರೆ ‘ಬರೆ’ ಎಂಬ ಆಜ್ಞೆ: ಇ, ಸಿ, ಎಚ್, ಓ), ಒಂದು ಸೆಮಿಕೋಲನ್, ಕೊನೆಯ ಚಿಹ್ನೆ. ಬಳಿಕ ‘ಟೂ’. ಫೈಲಿನ ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಸೇರಿಸಿ ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ. ಒನ್, ಟೂ ಎರಡೇ ಕಾಣುತ್ತವೆ. ನಡುವೆ 5 ಎಂಬ ಉತ್ತರವೂ ಇಲ್ಲ, ಸೂಚನೆಯೂ ಇಲ್ಲ! ಮನೆಯಲ್ಲಿ ಭಟ್ಟರಿಲ್ಲ, ಹಾಗಾಗಿ ಉತ್ತರ ಬರಲಿಲ್ಲ. ಬ್ರೌಸರಿಗೆ ಆ ಭಾಷೆ ಬಾರದು, ಇದು ಯಾರೋ ತಮಗಾಗಿ ಬರೆದುಕೊಂಡ ಟಿಪ್ಪಣಿ ಇರಬೇಕೆಂದು ಅದನ್ನು ನುಂಗಿ ಸುಮ್ಮನಾಯಿತು. ಈಗ ಕಂಟ್ರೋಲ್-ಯು ಒತ್ತಿ. ಸೂಚನೆ ಪೂರ್ತಿ ಕಾಣುತ್ತದೆ. ಭಟ್ಟರು ರಜೆ ಹಾಕಿದ ದಿನ ಸಪ್ಲೈಯರ್ ದೋಸೆಯ ಬದಲು ಅಡುಗೆ ಚೀಟಿಯನ್ನೇ ತಟ್ಟೆಯಲ್ಲಿಟ್ಟು ತಂದ ಹಾಗೆ ಇದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಕೆಂದೇ ತೋರಿಸುವುದು ಹೇಗೆ?

ಮೇಷ್ಟರೊಬ್ಬರು ಪಿಎಚ್‌ಪಿ ಪಾಠವನ್ನು ಜಾಲತಾಣದಲ್ಲಿ ಹಾಕಬೇಕು, ಸೂಚನೆಗಳನ್ನು ಇದ್ದ ಹಾಗೇ ಮಕ್ಕಳಿಗೆ ತೋರಿಸಬೇಕು. ಅವರ ಪಾಡು ಕೇಳಿ. ಫೈಲನ್ನು ಹಾಗೇ ಇಟ್ಟರೆ ಸರ್ವರ್ ಅದನ್ನು ಪಾಲಿಸಿಬಿಡುತ್ತದೆ. ಹೇಗೋ ಸರ್ವರನ್ನು ದಾಟಿಸಿದರೆ ಬ್ರೌಸರ್ ಅದನ್ನು ನುಂಗಿಬಿಡುತ್ತದೆ. ತೋರಿಸು ಎಂದರೆ ಇಬ್ಬರಿಗೂ ಅರ್ಥವಾಗದು.

ಶಾಲೆಯ ನಾಟಕ ನೆನಪಿಸಿಕೊಳ್ಳಿ. ಪುಸ್ತಕದಲ್ಲಿ ‘(ಅಳುತ್ತಾ) ನನ್ನ ಮಗನೆಲ್ಲಿ?’ ಎಂದಿರುತ್ತದೆ. ತಿಳಿದ ಹುಡುಗ ಅಳುತ್ತಾ ಸಂಭಾಷಣೆ ಹೇಳುತ್ತಾನೆ. ಹೊಸ ಹುಡುಗ ಮುಖ ಗಂಟುಹಾಕಿಕೊಂಡು ‘ಅಳುತ್ತಾ ನನ್ನ ಮಗನೆಲ್ಲಿ’ ಎಂದು ಒದರುತ್ತಾನೆ, ಸಭೆಯೆಲ್ಲ ನಗುತ್ತದೆ. ಸರ್ವರ್, ಬ್ರೌಸರ್ ಎರಡೂ ಪಳಗಿದ ನಟರು. ಆವರಣದೊಳಗಿನದನ್ನು ಅಭಿನಯಿಸುತ್ತಾರೆಯೇ ಹೊರತು ಬಾಯಲ್ಲಿ ಹೇಳುವುದಿಲ್ಲ. ಸೋರ್ಸ್ ತೋರಿಸುವುದೆಂದರೆ ಅವರ ಬಾಯಿಂದ ಆವರಣವನ್ನೂ ಓದಿಸುವುದು.

ಇದಕ್ಕೆ ಇರುವ ಉಪಾಯ ಬಹಳ ಸರಳ. < ಚಿಹ್ನೆಯನ್ನು ನೇರವಾಗಿ ಬರೆಯಬಾರದು. ಅದರ ಬದಲು & ಚಿಹ್ನೆ, ಎಲ್, ಟಿ, ಮತ್ತೊಂದು ಸೆಮಿಕೋಲನ್ ಬರೆಯಬೇಕು. ಎಲ್‌ಟಿ ಎಂದರೆ ‘ಲೆಸ್ ದ್ಯಾನ್’. ಇದನ್ನು ಕಂಡ ಬ್ರೌಸರ್ ‘ಓ, ಇದು ಆಜ್ಞೆಯಲ್ಲ, ಚಿಹ್ನೆಯ ಚಿತ್ರ ಬರೆಯಬೇಕು ಅಷ್ಟೇ’ ಎಂದು ತಿಳಿದು ಪರದೆಯ ಮೇಲೆ < ಎಂದು ಮೂಡಿಸುತ್ತದೆ. ಚುರುಕು ಮಕ್ಕಳು ಇಷ್ಟರಲ್ಲಿ ಕೇಳಿರುತ್ತಾರೆ: ‘ಹಾಗಾದರೆ & ಚಿಹ್ನೆಯನ್ನೇ ತೋರಿಸಬೇಕಾದರೆ?’ ಅದಕ್ಕೂ ಒಂದು ವೇಷ ಇದೆ: &, ಎ, ಎಂ, ಪಿ, ಸೆಮಿಕೋಲನ್.

ನೂರಾರು ಸಾಲುಗಳಲ್ಲಿ ಈ ಬದಲಾವಣೆಯನ್ನು ಕೈಯಿಂದ ಮಾಡುತ್ತ ಕೂತರೆ ಬೆಳಗಾಗುತ್ತದೆ. ಅದಕ್ಕೇ ಪಿಎಚ್‌ಪಿಯಲ್ಲಿ ‘ಹೈಲೈಟ್ ಫೈಲ್’ ಎಂಬ ಆಜ್ಞೆ ಇದೆ. ‘ಶೋ ಸೋರ್ಸ್’ ಎಂದರೂ ಅದೇ, ಹೆಸರು ಎರಡು ಅಷ್ಟೆ. ಒಂದು ಫೈಲಿನ ಹೆಸರು ಕೊಟ್ಟರೆ, ಅದರೊಳಗಿನ ಸೂಚನೆಗಳನ್ನು ಪಾಲಿಸದೆ, ಚಿಹ್ನೆಗಳಿಗೆಲ್ಲ ವೇಷ ತೊಡಿಸಿ, ಜೊತೆಗೆ ಬಣ್ಣವನ್ನೂ ಬಳಿದು ತೋರಿಸುತ್ತದೆ. ಯಾರೂ ಬಣ್ಣ ಬದಲಿಸದಿದ್ದರೆ ಭಾಷೆಯ ಮುಖ್ಯ ಪದಗಳು ಮತ್ತು ಚಿಹ್ನೆಗಳು ಹಸಿರು, ಉದ್ಧರಣ ಚಿಹ್ನೆಯೊಳಗಿನ ಮಾತು ಕೆಂಪು, ಬರೆದವರ ಟಿಪ್ಪಣಿ ಕಿತ್ತಳೆ, ಪುಟದ ಸಾದಾ ಬರಹ ಕಪ್ಪು, ಉಳಿದದ್ದು ನೀಲಿ. ನಮ್ಮ ಕಾಲದ ವ್ಯಾಕರಣ ಪುಸ್ತಕಗಳಲ್ಲಿ ನಾಮಪದಕ್ಕೊಂದು ಬಣ್ಣ, ಕ್ರಿಯಾಪದಕ್ಕೊಂದು ಬಣ್ಣ ಇದ್ದಿದ್ದರೆ ಎಷ್ಟು ಜನ ಪಾಸಾಗುತ್ತಿದ್ದರೋ! ಇನ್ನೊಂದು ದಾರಿಯೂ ಉಂಟು. ಫೈಲಿನ ಹೆಸರಿನ ಬಾಲದಲ್ಲಿ ಪಿಎಚ್‌ಪಿ ಎಂಬುದಕ್ಕೆ ಒಂದು ಎಸ್ ಸೇರಿಸಿ, ‘ಎಸ್ ಬಾಲ ಇದ್ದರೆ ಪಾಲಿಸಬೇಡ, ಬಣ್ಣ ಹಾಕಿ ತೋರಿಸು’ ಎಂದು ಸರ್ವರಿಗೆ ಹೇಳಿಡುವುದು.

ಪಿಎಚ್‌ಪಿಯವರು ತಮ್ಮ ಸ್ವಂತ ಜಾಲತಾಣದಲ್ಲೇ ಪುಟದ ಕೆಳಗೆ ಒಂದು ಕೊಂಡಿ ಇಟ್ಟು, ಆ ಪುಟವನ್ನು ತಯಾರಿಸಿದ ಸ್ಕ್ರಿಪ್ಟನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಅಡುಗೆಮನೆಗೆ ಗಾಜಿನ ಗೋಡೆ ಕಟ್ಟಿಸಿದ ಹೋಟೆಲಿನ ಹಾಗೆ. ನನಗೆ ಈ ಧೈರ್ಯ ಬಹಳ ಹಿಡಿಸಿತು. ಅದೇ ಪಿಎಚ್‌ಪಿಯ ಕೈಪಿಡಿಯಲ್ಲಿ ಈ ಆಜ್ಞೆಯ ಕೆಳಗೆ ಒಂದು ಎಚ್ಚರಿಕೆಯೂ ಇದೆ: ತೋರಿಸುವ ಭರದಲ್ಲಿ ಪಾಸ್‌ವರ್ಡುಗಳನ್ನೂ ತೋರಿಸಿಬಿಟ್ಟೀರಿ! ‘ಯಾವ ಫೈಲ್ ಬೇಕೋ ಹೆಸರು ಹೇಳಿ, ತೋರಿಸುತ್ತೇನೆ’ ಎಂಬ ಪುಟವನ್ನು ಬರೆದು ತೆರೆದಿಟ್ಟರಂತೂ ಬಂದವನು ಕೇಳುವುದು ಪಾಠದ ಫೈಲನ್ನಲ್ಲ, ಪಾಸ್‌ವರ್ಡಿನ ಫೈಲನ್ನೇ. ಯಾವ ಯಾವ ಫೈಲನ್ನು ತೋರಿಸಬಹುದು ಎಂಬ ಪಟ್ಟಿಯನ್ನು ಮೇಷ್ಟರೇ ಮೊದಲು ಬರೆದಿಡಬೇಕು.

ಬೇಡವೆಂದರೂ ಕಂಡಾಗ

ಮೈಕ್ರೋಸಾಫ್ಟ್ ಕಂಪನಿಯ ಸರ್ವರಿನಲ್ಲಿ ಎಎಸ್‌ಪಿ ಎಂಬ ಬೇರೊಂದು ಬಗೆಯ ಸ್ಕ್ರಿಪ್ಟ್ ನಡೆಯುತ್ತಿತ್ತು. 1998ರಲ್ಲಿ ಅದರ ಒಂದು ವಿಚಿತ್ರ ಬಯಲಾಯಿತು. ಪುಟದ ವಿಳಾಸದ ಕೊನೆಗೆ ಎರಡು ಕೋಲನ್, ಒಂದು ಡಾಲರ್ ಚಿಹ್ನೆ, ‘ಡೇಟಾ’ ಎಂಬ ಪದ ಸೇರಿಸಿದರೆ ಪುಟದ ಬದಲು ಸ್ಕ್ರಿಪ್ಟೇ ಬಂದು ಬೀಳುತ್ತಿತ್ತು. ಕಾರಣ ಸ್ವಾರಸ್ಯವಾಗಿದೆ. ಬಾಗಿಲಲ್ಲಿ ನಿಂತ ಸರ್ವರ್, ಫೈಲಿನ ಹೆಸರಿನ ಬಾಲ ನೋಡಿ ತೀರ್ಮಾನಿಸುತ್ತಿತ್ತು: ಬಾಲ ಎಎಸ್‌ಪಿ ಇದ್ದರೆ ಪಾಲಿಸು, ಇಲ್ಲದಿದ್ದರೆ ಇದ್ದ ಹಾಗೇ ಕೊಡು. ಉದ್ದ ಬಾಲ ಸೇರಿಸಿದ ಹೆಸರು ಕಂಡು ‘ಇದು ಎಎಸ್‌ಪಿ ಅಲ್ಲ’ ಎಂದುಕೊಂಡಿತು. ಒಳಗೆ ಫೈಲುಗಳನ್ನು ಜೋಡಿಸಿಟ್ಟುಕೊಂಡಿರುವ ವಿಂಡೋಸ್ ವ್ಯವಸ್ಥೆಗೆ ಮಾತ್ರ ಆ ಬಾಲದ ಅರ್ಥ ಗೊತ್ತಿತ್ತು. ‘ಅದೇ ಫೈಲಿನ ಒಳಗಿನ ಬರಹ’ ಎಂದಷ್ಟೇ ಅದಕ್ಕೆ ಅರ್ಥ. ಕಾವಲುಗಾರನಿಗೆ ಹೊಸ ಹೆಸರು, ಒಳಗಿನ ಉಗ್ರಾಣಿಗೆ ಹಳೇ ಪರಿಚಯ. ಇಬ್ಬರ ನಡುವೆ ಗುಟ್ಟು ಜಾರಿತು. ಜುಲೈ ತಿಂಗಳಲ್ಲಿ ಕಂಪನಿ ಇದನ್ನು ಸರಿಪಡಿಸಿತು.

ಇದೇ ಬಾಲದ ಕಥೆ ಇಂದಿಗೂ ಬೇರೆ ರೂಪದಲ್ಲಿ ನಡೆಯುತ್ತದೆ. ಸ್ಕ್ರಿಪ್ಟ್ ತಿದ್ದುವ ಮೊದಲು ಹಳೆಯದರ ಪ್ರತಿ ಇರಲಿ ಎಂದು ಹೆಸರಿನ ಕೊನೆಗೆ ‘ಓಲ್ಡ್’ ಎಂದೋ ‘ಬ್ಯಾಕ್’ ಎಂದೋ ಸೇರಿಸಿ ಅಲ್ಲೇ ಇಟ್ಟುಬಿಡುತ್ತಾರೆ. ಬಾಲ ಬದಲಾಯಿತಲ್ಲ, ಸರ್ವರ್ ಅದನ್ನು ಸಾದಾ ಬರಹ ಎಂದು ತಿಳಿದು ಕೇಳಿದವರಿಗೆ ಕೊಟ್ಟುಬಿಡಬಹುದು. ಹಳೇ ಪ್ರತಿ ಇಡುವ ಜಾಗ ಅದಲ್ಲ.

ಫೇಸ್‌ಬುಕ್ಕಿಗೂ ಒಮ್ಮೆ ಇಂಥದ್ದು ಆಯಿತು. 2007ರ ಆಗಸ್ಟಿನಲ್ಲಿ ಅದರ ಒಂದು ಸರ್ವರಿನ ಹೊಂದಿಕೆ ತಪ್ಪಿ, ಮುಖಪುಟದ ಪಿಎಚ್‌ಪಿ ಸ್ಕ್ರಿಪ್ಟ್ ಕೆಲವರ ಬ್ರೌಸರಿನಲ್ಲಿ ಹಾಗೇ ಕಂಡಿತು. ಯಾರೋ ಅದನ್ನು ನಕಲು ಮಾಡಿ ಹಂಚಿಯೂಬಿಟ್ಟರು. ನಾವು ಮಾಡಿದ ನೋಟ್‌ಪ್ಯಾಡ್ ಪ್ರಯೋಗವೇ ಇದು, ಭಟ್ಟರು ರಜೆ.

2011ರ ಮಾರ್ಚಿನಲ್ಲಿ ಟಂಬ್ಲರ್ ಎಂಬ ಜಾಲತಾಣದ್ದು ಇನ್ನೂ ಚಿಕ್ಕ ಎಡವಟ್ಟು. ಸ್ಕ್ರಿಪ್ಟಿನ ಮೊಟ್ಟಮೊದಲ < ಚಿಹ್ನೆ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಬಿದ್ದುಬಿಟ್ಟಿತ್ತು. ಒಂದೇ ಒಂದು ಅಕ್ಷರ! ಆರಂಭದ ಚಿಹ್ನೆಯೇ ಕೆಟ್ಟ ಮೇಲೆ ‘ಇಲ್ಲಿಂದ ಸೂಚನೆ’ ಎಂದು ಸರ್ವರಿಗೆ ತಿಳಿಯುವುದು ಹೇಗೆ? ಇಡೀ ಫೈಲನ್ನು ಸಾದಾ ಬರಹವೆಂದು ತಿಳಿದು ಬಂದವರಿಗೆಲ್ಲ ಬಡಿಸಿತು. ಅದರಲ್ಲಿ ಒಳಗಿನ ಸರ್ವರುಗಳ ವಿಳಾಸಗಳು, ಪಾಸ್‌ವರ್ಡುಗಳು ಎಲ್ಲ ಇದ್ದವು. ಸ್ಕ್ರಿಪ್ಟ್ ತಿದ್ದುವ ಒಂದು ಹಳೇ ತಂತ್ರಾಂಶದಲ್ಲಿ ಬರೆಯಲು ತೊಡಗುವ ಮೊದಲು ‘ಐ’ ಒತ್ತಬೇಕು, ಅದೇ ಇಲ್ಲಿ ತಪ್ಪಿ ಕೂತಿರಬೇಕು ಎಂದು ಬಲ್ಲವರು ಆಗ ಊಹಿಸಿದರು. ಸಂಜೆ ಹೊತ್ತು ದಿನದ ಲೆಕ್ಕ ತಾಳೆಯಾಗದೆ, ಒಂದು ಅಂಕಿಗಾಗಿ ಇಡೀ ಶಾಖೆ ಎಂಟು ಗಂಟೆಯವರೆಗೆ ಕೂತು ಹುಡುಕಿದ ದಿನಗಳನ್ನು ಕಂಡವನು ನಾನು. ಟಂಬ್ಲರಿನವರ ಅಂದಿನ ಹೊಟ್ಟೆ ತಳಮಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಫೇಸ್‌ಬುಕ್ಕಿನ ಮತ್ತು ಟಂಬ್ಲರಿನ ಪ್ರಕರಣ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಬ್ಯಾಂಕಿನ ಸ್ಟ್ರಾಂಗ್ ರೂಮ್ ನೆನಪಾಗುತ್ತದೆ. ಅದರ ಬಾಗಿಲಿಗೆ ಎರಡು ಕೀಲಿ. ಒಂದು ಒಬ್ಬರ ಬಳಿ, ಇನ್ನೊಂದು ಮತ್ತೊಬ್ಬರ ಬಳಿ. ಇಬ್ಬರೂ ಬಂದರೇ ಬಾಗಿಲು. ಈ ಪದ್ಧತಿ ಗುಟ್ಟೇನಲ್ಲ. ನಿಯಮದ ಪುಸ್ತಕದಲ್ಲಿದೆ, ಶಾಖೆಯ ಜವಾನರಿಗೂ ಗೊತ್ತು, ಈಗ ನಿಮಗೂ ಗೊತ್ತಾಯಿತು. ಅದರಿಂದ ಸ್ಟ್ರಾಂಗ್ ರೂಮಿಗೆ ಏನೂ ಆಗುವುದಿಲ್ಲ. ಕೀಲಿ ಕೈಬಿಟ್ಟರೆ ಮಾತ್ರ ಕಷ್ಟ. ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾ ಪ್ರಾಧ್ಯಾಪಕರು 1883ರಲ್ಲೇ ಫ್ರಾನ್ಸಿನ ಸೇನಾ ಪತ್ರಿಕೆಯೊಂದರಲ್ಲಿ ಗೂಢಲಿಪಿಯ ಬಗ್ಗೆ ಬರೆಯುತ್ತ ಈ ಮಾತನ್ನೇ ಆಡಿದ್ದರು: ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗದಂತೆ ಇರಬೇಕು. ಕನ್ನಡ ವಿಕಿಪೀಡಿಯ ನಡೆಸುವ ಮೀಡಿಯಾವಿಕಿಯ ಸ್ಕ್ರಿಪ್ಟುಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಪಾಸ್‌ವರ್ಡು ಅವುಗಳಲ್ಲಿರುವುದಿಲ್ಲ. ಅದನ್ನು ಆಯಾ ತಾಣದವರು ತಮ್ಮದೇ ಒಂದು ಪ್ರತ್ಯೇಕ ಫೈಲಿನಲ್ಲಿಟ್ಟುಕೊಳ್ಳುತ್ತಾರೆ. ಶಾಲೆಯ ಪ್ರಾಜೆಕ್ಟಿಗೆ ಸ್ಕ್ರಿಪ್ಟ್ ಬರೆಯುವ ಮಕ್ಕಳು ಈಗಿನಿಂದಲೇ ಹೀಗೆ ಮಾಡುವುದು ಒಳ್ಳೆಯದು. ಸಾಧ್ಯವಿದ್ದರೆ ಆ ಕೀಲಿಯ ಫೈಲನ್ನು ಸರ್ವರ್ ಜನರಿಗೆ ಬಡಿಸುವ ಕೋಣೆಯ ಹೊರಗೇ ಇಡಿ. ಭಟ್ಟರು ರಜೆ ಹಾಕಿದರೂ ಬಡಿಸಲು ಅದು ಕೈಗೆ ಸಿಗಬಾರದು.

ಕೊನೆಯದೊಂದು ಪ್ರಸಂಗ ಹೇಳಲೇಬೇಕು. ಇದರಲ್ಲಿ ನಮ್ಮ ನೆರೆಯ ಗೋವಾ ಕೂಡ ಬರುತ್ತದೆ. ಕಂಪ್ಯೂಟರ್ ಭದ್ರತೆಯ ಬಗ್ಗೆ ಗೋವಾದಲ್ಲಿ ನಲ್‌ಕಾನ್ ಎಂಬ ಸಮ್ಮೇಳನ ನಡೆಯುತ್ತದೆ. ಅದರ ಅಂಗವಾಗಿ 2012ರ ಜನವರಿಯಲ್ಲಿ ಒಂದು ಸ್ಪರ್ಧೆ ಇತ್ತು. ಅದರಲ್ಲಿ ಆಡುತ್ತಿದ್ದ ‘ಐಂಡ್‌ಬಾಜನ್’ ಎಂಬ ಡಚ್ ತಂಡಕ್ಕೆ ಪಿಎಚ್‌ಪಿಯಲ್ಲೇ ಒಂದು ಬಿರುಕು ಸಿಕ್ಕಿತು. ಪಿಎಚ್‌ಪಿಯನ್ನು ‘ಸಿಜಿಐ’ ಎಂಬ ಒಂದು ಬಗೆಯಲ್ಲಿ ಹೊಂದಿಸಿದ ಸರ್ವರುಗಳಲ್ಲಿ, ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಒಂದು ಅಡ್ಡಗೆರೆ, ‘ಎಸ್’ ಅಕ್ಷರ ಸೇರಿಸಿದರೆ ಸಾಕು, ಸ್ಕ್ರಿಪ್ಟು ಬಣ್ಣಬಣ್ಣವಾಗಿ ಕಣ್ಣ ಮುಂದೆ! ಅಡ್ಡಗೆರೆ-ಎಸ್ ಎಂದರೆ ಸರ್ವರ್ ನೋಡಿಕೊಳ್ಳುವವರು ಪಿಎಚ್‌ಪಿಗೆ ನೇರವಾಗಿ ಕೊಡುವ ಒಳಗಿನ ಆಜ್ಞೆ, ‘ಸೋರ್ಸ್ ತೋರಿಸು’ ಎಂದು. ಹೊರಗಿನವರು ವಿಳಾಸದಲ್ಲಿ ಬರೆದದ್ದೂ ಅದೇ ಕಿವಿಗೆ ಬೀಳುತ್ತಿತ್ತು. ಗಲ್ಲಾದಲ್ಲಿ ಕೂತ ಯಜಮಾನರ ದನಿಯನ್ನು ಗಿರಾಕಿ ಅನುಕರಿಸಿದರೆ ಭಟ್ಟರು ಮೋಸಹೋದ ಹಾಗೆ. ಎಂಟು ವರ್ಷಗಳಿಂದ, ಅಂದರೆ 2004ರಿಂದ, ಈ ಬಿರುಕು ಅಲ್ಲೇ ಇತ್ತು. ಸೋರ್ಸ್ ತೋರಿಸುವುದಷ್ಟೇ ಅಲ್ಲ, ಇದರಿಂದ ಸರ್ವರಿನ ಮೇಲೆ ತಮಗೆ ಬೇಕಾದ ಪ್ರೋಗ್ರಾಮನ್ನೂ ನಡೆಸಬಹುದಾಗಿತ್ತು. ತಂಡದವರು ಪಿಎಚ್‌ಪಿಗೆ ಗುಟ್ಟಾಗಿ ತಿಳಿಸಿದರು. ರಿಪೇರಿ ಇನ್ನೂ ಮುಗಿಯದಿದ್ದಾಗಲೇ ಮೇ ತಿಂಗಳಲ್ಲಿ ಆ ದೂರು ಕೈತಪ್ಪಿ ಬಹಿರಂಗವಾಯಿತು. ಗಡಿಬಿಡಿಯಲ್ಲಿ ಮಾಡಿದ ಮೊದಲ ರಿಪೇರಿ ಸಾಲದೆ ಕೆಲವೇ ದಿನಗಳಲ್ಲಿ ಎರಡನೆಯದನ್ನು ಬಿಡಬೇಕಾಯಿತು.

(ಮಕ್ಕಳೇ, ಇದನ್ನು ಓದಿ ಕಂಡಕಂಡ ಜಾಲತಾಣಗಳ ವಿಳಾಸಕ್ಕೆ ಬಾಲ ಅಂಟಿಸಲು ಹೋಗಬೇಡಿ. ಬೇರೆಯವರ ತಾಣದ ಬಾಗಿಲನ್ನು ಹೀಗೆ ತಳ್ಳಿ ನೋಡುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು.)

ಸುದ್ದಿ ಹಬ್ಬಿದ ಆ ವಾರ ಲೋಕದ ಕುತೂಹಲಿಗಳೆಲ್ಲ ಫೇಸ್‌ಬುಕ್ಕಿನ ವಿಳಾಸಕ್ಕೂ ಆ ಬಾಲ ಸೇರಿಸಿ ನೋಡಿದರು. ಫೇಸ್‌ಬುಕ್ಕಿಗೆ ಆ ಬಿರುಕು ತಾಗುವಂತಿರಲಿಲ್ಲ. ಆದರೂ ಪರದೆಯ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಕಂಡಿತು! ಅದು ಎಂಜಿನಿಯರುಗಳು ಬೇಕೆಂದೇ ಬರೆದಿಟ್ಟ ಹುಸಿ ಸೋರ್ಸ್. ಅದರಲ್ಲಿದ್ದ ವಿಳಾಸವನ್ನು ಹಿಡಿದು ಹೋದರೆ ತೆರೆಯುತ್ತಿದ್ದುದು ಕೆಲಸ ಖಾಲಿ ಇದೆ ಎಂಬ ಪುಟ.